ಕೋಟೆ ಬೀದಿಯ ಪಂಕ್ತಿ

ಸರ್ಕಾರದ ಗಂಜಿ ಕೇಂದ್ರದಲ್ಲಿ ಬೈರಮ್ಮನಿಗೆ ಅಡುಗೆ ಕೆಲಸ ಸಿಕ್ಕಿದೆ ಎಂದು ಕೇಳಿದಾಗ ಪಿಲ್ಲಗುಂಪೆಯಲ್ಲಿ ಮೊದಲು ಮುಖ ಸಿಂಡರಿಸಿದವಳು ಅವಳ ತಮ್ಮನ ಹೆಂಡತಿ ಲಕ್ಷ್ಮೀದೇವಮ್ಮ.

“ಅತ್ಗೆ, ಕಂಡೋರಿಗೆಲ್ಲ ಗಂಜಿ ಹುಯ್ಯೋ ಕೆಲ್ಸಾನಾ? ಒಕ್ಕಲುಮನೆ ಹೆಂಗ್ಸು ಪೇಟೆ ಛತ್ರದಲ್ಲಿ ಸೌಟು ಹಿಡ್ಕೊಂಡು ನಿಂತ್ಕೊಂಡ್ರೆ ನಾಲ್ಕು ಜನ ಏನಂತಾರೆ?”

ತಮ್ಮ ಅಪ್ಪಯ್ಯಣ್ಣ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ತಲೆಯೆತ್ತದೆಯೇ, “ಹಸಿದೋರಿಗೆ ಇಕ್ಕೋದು ತಪ್ಪು ಅನ್ನೋ ಆ ನಾಲ್ಕು ಜನಾನ ನಂಗೂ ಒಂದ್ಸಲ ತೋರ್ಸು. ಅಕ್ಕಾ, ನೀನು ಹೋಗು” ಎಂದ.

ಯುದ್ಧ ಮುಗಿದ ಮಾರನೆಯ ವರ್ಷ ಅದು. ಯುದ್ಧ ಮುಗಿದರೂ ಬರ್ಮಾದ ಅಕ್ಕಿ ಈ ಕಡೆ ಮುಖ ಹಾಕಿರಲಿಲ್ಲ. ಹಿಂಗಾರು ಕೈಕೊಟ್ಟಿತ್ತು, ಹೊಸಕೋಟೆಯ ದೊಡ್ಡ ಕೆರೆಯ ಅಂಗಳ ಬಿರುಕುಬಿಟ್ಟು ಬಾಯ್ದೆರೆದಿತ್ತು. ರೇಷನ್ ಡಿಪೋದ ಕಾಳು ವಾರದ ನಡುವಿಗೇ ಮುಗಿಯುತ್ತಿತ್ತು. ಹೊಲವಿದ್ದವರು ಹೇಗೋ ಹಗೇವಿನ ತಳದ ಕಾಳು ಕೆರೆದುಕೊಂಡು ದಿನ ದೂಡಿದರು. ಕೂಲಿ ನಂಬಿದವರಿಗೆ, ನೆಯ್ಗೆಯವರಿಗೆ, ಗಂಡಸರಿಲ್ಲದ ಮನೆಗಳಿಗೆ ಏನೂ ಇರಲಿಲ್ಲ. ಅಂಥವರಿಗೆಂದು ಮದರಾಸು ರಸ್ತೆಯ ಬದಿಯ ಹಳೆಯ ಛತ್ರದಲ್ಲಿ ಕೇಂದ್ರ ತೆರೆದು, ಹಗಲೂಟದ ಹೊತ್ತಿಗೆ ಬಂದವರಿಗೆಲ್ಲ ರಾಗಿ ಗಂಜಿ ಕೊಡುವಂತೆ ಅಪ್ಪಣೆಯಾಗಿತ್ತು.

ಬೈರಮ್ಮನಿಗೆ ಆಗ ಐವತ್ತರ ಆಸುಪಾಸು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ತಮ್ಮನ ಮನೆ ಸೇರಿದವಳು. ಸುತ್ತ ಹತ್ತೂರಿನ ಮದುವೆಗಳಲ್ಲಿ ಅವಳ ಕೈ ಅಡುಗೆಯೇ ಆಗಬೇಕು. ಹಿಂದಿನ ಅಂಗಳದಲ್ಲಿ ಒಲೆ ಹೂಡಿ, ಹೊಗೆಯಲ್ಲಿ ಬೆಂದು, ನೂರಾರು ಜನಕ್ಕೆ ಬೇಯಿಸಿ ಹಾಕುತ್ತಿದ್ದಳು. ಆದರೆ ಬಡಿಸುವ ಹೊತ್ತಿಗೆ ಮುತ್ತೈದೆಯರು ಬಂದು ಪಾತ್ರೆ ಎತ್ತಿಕೊಂಡು ಹೋಗುವರು. ಪಂಕ್ತಿಯಲ್ಲಿ ಕೂತವರು ಹೇಗೆ ಉಂಡರು, ಯಾರು ಎರಡನೇ ಸಲ ಕೇಳಿದರು, ಯಾರ ಎಲೆಯಲ್ಲಿ ಏನು ಉಳಿಯಿತು, ಅವಳು ಕಂಡವಳಲ್ಲ. ಯಾರೂ ಬಾಯಿಬಿಟ್ಟು ಬೇಡವೆಂದಿರಲಿಲ್ಲ. ಅವಳೂ ಬಾಯಿಬಿಟ್ಟು ಕೇಳಿರಲಿಲ್ಲ.

ಕೇಂದ್ರದಲ್ಲಿ ಮಾತ್ರ ಬೇಯಿಸುವವಳೂ ಅವಳೇ, ಇಕ್ಕುವವಳೂ ಅವಳೇ. ಮೊದಲ ದಿನ ಕೊಪ್ಪರಿಗೆಯಿಂದ ಬಕೆಟ್ಟಿಗೆ ಗಂಜಿ ತುಂಬಿಕೊಂಡು ಛತ್ರದ ಅಂಗಳಕ್ಕೆ ಕಾಲಿಟ್ಟಾಗ ಅವಳ ಎದೆ ಹೊಸ ಸೊಸೆಯ ಎದೆಯ ಹಾಗೆ ಹೊಡೆದುಕೊಂಡಿತು. ಸಾಲಾಗಿ ಕೂತವರು ಕೇಂದ್ರದ ತಗಡಿನ ಬೋಗುಣಿಗಳನ್ನು ಮುಂದಿಟ್ಟುಕೊಂಡು ಅವಳ ಕೈಯನ್ನೇ ನೋಡುತ್ತಿದ್ದರು. ಒಬ್ಬ ಮುದುಕ ಮೊದಲ ಗುಟುಕು ಕುಡಿದು, “ಉಪ್ಪು ಹದವಾಗೈತೆ ಕಣಮ್ಮ” ಎಂದ. ಅಂದು ಸಂಜೆ ಊರಿಗೆ ನಡೆದುಹೋಗುವಾಗ ಆ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮೆಲುಕು ಹಾಕಿದಳು.

ಕೇಂದ್ರದ ಉಸ್ತುವಾರಿ ಆದಿನಾರಾಯಣಪ್ಪ ಎಂಬ ಮೇಷ್ಟ್ರದು. ಬಡಕಲು ಮನುಷ್ಯ. ಶಾಲೆಯಿಂದ ಅವರನ್ನು ಈ ಕೆಲಸಕ್ಕೆ ಹಾಕಿದ್ದರು. ಬಾಗಿಲಲ್ಲಿ ಜವಾನ ದೊಡ್ಡಬೀರಪ್ಪ ಕೂರುತ್ತಿದ್ದ. ಹೆಸರಿಗೆ ತಕ್ಕ ಆಳು, ಮೀಸೆಯಂತೂ ಆಳಿಗಿಂತ ದೊಡ್ಡದು. ಅವನಿಗೆ ಒಂದೇ ಕೆಲಸ: ಯಾರೂ ಗಂಜಿಯನ್ನು ಹೊರಗೆ ಒಯ್ಯದಂತೆ ಕಾಯುವುದು. ಶುರುವಿನಲ್ಲಿ ಕೆಲವರು ಗಂಜಿ ಹೊತ್ತುಕೊಂಡು ಹೋಗಿ ಎಮ್ಮೆ ಸಾಕಿದವರಿಗೆ ಮಾರಿಕೊಂಡಿದ್ದರು. ಆ ಸುದ್ದಿ ಅಮಲ್ದಾರರ ಕಿವಿಗೆ ಬಿದ್ದು, ‘ಗಂಜಿಯನ್ನು ಕೇಂದ್ರದ ಸಿಬ್ಬಂದಿಯ ಕಣ್ಣೆದುರೇ ಕುಡಿಯತಕ್ಕದ್ದು, ಮನೆಗೆ ಒಯ್ಯಲು ಕೊಡಕೂಡದು. ಇನ್ನೊಮ್ಮೆ ದೂರು ಬಂದರೆ ಕೇಂದ್ರ ಮುಚ್ಚಲಾಗುವುದು’ ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು.

ಆಷಾಢದ ಗಾಳಿ ಬೀಸುತ್ತಿದ್ದಾಗ ಒಬ್ಬ ಹೊಸ ಮುದುಕಿ ಬರಲಾರಂಭಿಸಿದಳು. ಮಾಸಿದ ಬಿಳಿ ದುಪ್ಪಟಿ ತಲೆತುಂಬ ಹೊದ್ದು, ಸಾಲಿನ ಕೊನೆಯಲ್ಲಿ, ಗೋಡೆಗೆ ಮುಖ ಮಾಡಿ ಕೂರುವಳು. ಯಾರೊಡನೆಯೂ ಮಾತಿಲ್ಲ. ಬೈರಮ್ಮ ಗಂಜಿ ಹುಯ್ದಾಗ ಮಾತ್ರ ತಲೆಯನ್ನು ಸ್ವಲ್ಪ ಬಾಗಿಸುವಳು. ಆ ಬಾಗಿಸುವುದರಲ್ಲಿ ಒಂದು ಗತ್ತಿತ್ತು. ಕೂತು ಉಂಡ ಮನೆಯವಳಲ್ಲ, ನಾಲ್ಕು ಜನಕ್ಕೆ ಇಕ್ಕಿದ ಮನೆಯವಳು ಎಂದು ಬೈರಮ್ಮನಿಗೆ ಅನ್ನಿಸಿತು.

ಒಂದು ಮಧ್ಯಾಹ್ನ ಬಾಗಿಲ ಹತ್ತಿರ ಗದ್ದಲವೆದ್ದಿತು. ಬೈರಮ್ಮ ಸೌಟು ಬಿಟ್ಟು ಓಡಿದಳು. ದೊಡ್ಡಬೀರಪ್ಪ ಆ ಮುದುಕಿಯನ್ನು ಅಡ್ಡಗಟ್ಟಿದ್ದ.

“ದುಪ್ಪಟಿ ಒಳಗೇನೈತೆ ತೋರ್ಸು ಬೂಬಮ್ಮ. ದಿನಾ ನೋಡ್ತಾ ಇವ್ನಿ. ಅರ್ಧ ಕುಡೀತೀಯ, ಅರ್ಧ ಬಚ್ಚಿಟ್ಕೋತೀಯ.”

ಮುದುಕಿ ಹಿಂದೆ ಸರಿಯಲು ಹೋಗಿ ಎಡವಿದಳು. ದುಪ್ಪಟಿಯೊಳಗಿಂದ ಮುಚ್ಚಳದ ಪುಟ್ಟ ತಾಮ್ರದ ಪಾತ್ರೆ ಜಾರಿ ನೆಲಕ್ಕೆ ಬಿತ್ತು. ಒಳಗಿದ್ದ ಅರ್ಧ ಬೋಗುಣಿಯಷ್ಟು ಗಂಜಿ ಮಣ್ಣಿನ ಮೇಲೆ ಹರಡಿ, ನೋಡನೋಡುತ್ತಲೇ ಇಂಗಿತು. ಸಾಲಿನಲ್ಲಿದ್ದವರೆಲ್ಲ ಕತ್ತು ಹೊರಳಿಸಿ ನೋಡಿದರು.

“ನಾನು ಕಳ್ಳಿ ಅಲ್ಲ. ಅದು ನನ್ನ ಪಾಲು. ನನ್ನ ಪಾಲಲ್ಲೇ ಎತ್ತಿದ್ದು” ಎಂದಳು ಮುದುಕಿ. ಬಗ್ಗಿ ಖಾಲಿ ಪಾತ್ರೆ ಎತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಹೊರಟುಹೋದಳು.

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸಾಲಿನ ಕೊನೆಗೆ ಹೋದಾಗಲೆಲ್ಲ ಬೈರಮ್ಮನ ಕೈ ತಡೆಯುತ್ತಿತ್ತು. ಕೊನೆಗೆ ಮೇಷ್ಟ್ರ ಮುಂದೆ ನಿಂತಳು.

“ಮೇಷ್ಟ್ರೇ, ಆ ಬೂಬಮ್ಮ ತನ್ನ ಹೊಟ್ಟೆ ಕಟ್ಟಿ ಯಾರಿಗೋ ಒಯ್ತಾ ಇದ್ಳು. ಮಾರೋಳ ಹಂಗೆ ಕಾಣಲಿಲ್ಲ.”

“ನನಗೂ ಹಾಗೇ ಅನ್ನಿಸ್ತಮ್ಮ” ಎಂದರು ಆದಿನಾರಾಯಣಪ್ಪ, ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸುತ್ತ. “ಆದ್ರೆ ಒಬ್ಬರಿಗೆ ಬಿಟ್ರೆ ಎಲ್ರಿಗೂ ಬಿಡ್ಬೇಕು. ಎಲ್ರಿಗೂ ಬಿಟ್ರೆ ಕೇಂದ್ರ ಮುಚ್ಚಿಹೋಗುತ್ತೆ. ಇಲ್ಲಿ ಕೂತಿರೋ ಇಷ್ಟು ಜನದ ಗತಿ ಏನು ಹೇಳು?”

ಮೇಷ್ಟ್ರು ಹೇಳಿದ್ದು ಸುಳ್ಳಲ್ಲ.

ಕೆಲಸ ಮುಗಿಸಿ ಅವಳು ಪಿಲ್ಲಗುಂಪೆಯ ದಾರಿ ಹಿಡಿಯಲಿಲ್ಲ. ಕೇಳಿಕೊಂಡು ಕೋಟೆ ಬೀದಿಗೆ ಹೋದಳು. ಸಾಬರ ಮನೆಗಳ ಸಾಲು ಅದು. ಬಾಗಿಲುಗಳಿಗೆಲ್ಲ ಗೋಣಿತಟ್ಟಿನ ಪರದೆ. ಬಿಳಿ ದುಪ್ಪಟಿಯ ಮುದುಕಿ ಎಂದೊಡನೆ ಒಬ್ಬಳು, “ವಹೀದಾ ಬೀ ಮನೆಯಾ? ಆ ಬೇವಿನ ಮರದ ಹತ್ರ” ಎಂದು ಕೈ ತೋರಿಸಿದಳು.

ಪರದೆಯ ಹೊರಗೆ ನಿಂತು ಬೈರಮ್ಮ ಕೂಗಿದಳು. ವಹೀದಾ ಹೊರಬಂದು ಅವಳನ್ನು ಗುರುತು ಹಿಡಿದು, ಮುಖ ಗಂಟುಹಾಕಿದಳು.

“ಪಾತ್ರೆ ಹುಡ್ಕೋಕೆ ಕಳಿಸಿದ್ರಾ?”

“ಇಲ್ಲ ಬೂಬಮ್ಮ. ಯಾಕೆ ಬರ್ತಿಲ್ಲ ಅಂತ ಕೇಳೋಕೆ ನಾನೇ ಬಂದೆ.”

ಅಷ್ಟರಲ್ಲಿ ಒಳಗಿನಿಂದ ಮಗುವಿನ ಅಳು ಕೇಳಿಸಿತು. ಹೊಟ್ಟೆ ತುಂಬಿದ ಮಗುವಿನ ಜೋರು ಅಳುವಲ್ಲ, ಬೆಕ್ಕಿನ ಮರಿಯ ದನಿಯಂಥ ಬತ್ತಿದ ಅಳು. ಮಕ್ಕಳನ್ನು ಹೆರದ ಬೈರಮ್ಮನಿಗೂ ಅದರ ಅರ್ಥ ಗೊತ್ತಿತ್ತು. ಮುದುಕಿಯ ಮುಖ ನೋಡಿದಳು.

“ಹಸಿ ಬಾಣಂತೀನಾ ಒಳಗಿರೋದು?”

ವಹೀದಾಳ ಗತ್ತು ಅಲ್ಲಿಗೆ ಕರಗಿತು. ಹೊಸ್ತಿಲ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು. ಮಗ ಮಸ್ತಾನ್ ಮಿಲಿಟರಿಯಲ್ಲಿ ಲಾರಿ ಓಡಿಸುವವನು. ಯುದ್ಧ ಮುಗಿದ ಮೇಲೆ ರಜೆಯ ಮೇಲೆ ಬಂದು ಹೋದ. ಮನೆಗೇ ಬಂದುಬಿಡುತ್ತಾನೆ ಅಂದುಕೊಂಡರೆ ಹಡಗು ಹತ್ತಿಸಿ ಜಾವಾ ಕಡೆಗೆಲ್ಲೋ ಕಳಿಸಿದರಂತೆ. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಸೊಸೆ ಹಬೀಬುನ್ನೀಸಾ ಹೆತ್ತು ಇನ್ನೂ ಎರಡು ವಾರವಾಗಿಲ್ಲ. ಚೊಚ್ಚಲು. ಹೊರಗೆ ಬರುವಂತಿಲ್ಲ, ಬರುತ್ತೇನೆಂದರೂ ಕಾಲಲ್ಲಿ ತ್ರಾಣವಿಲ್ಲ. ಬೀದಿಯಲ್ಲಿ ಎಲ್ಲರ ಒಲೆಯೂ ಅಷ್ಟಕ್ಕಷ್ಟೇ, ಯಾರನ್ನು ಕೇಳುವುದು?

“ನನ್ನ ಮಾವ ಇದ್ದ ಕಾಲದಲ್ಲಿ ರಂಜಾನ್ ತಿಂಗಳು ಈ ಬಾಗಿಲಲ್ಲಿ ಬಂದೋರಿಗೆಲ್ಲ ಗಂಜಿ ಕೊಡ್ತಿದ್ವಿ ಅಕ್ಕಾ” ಎಂದಳು ವಹೀದಾ. “ಈಗ ಸೊಸೆಗೆ ಒಂದು ಲೋಟಕ್ಕೆ ಗತಿ ಇಲ್ಲ. ಹಾಲು ಬತ್ತಿಹೋಗ್ತಾ ಐತೆ.”

ಬೈರಮ್ಮ ಪರದೆ ಸರಿಸಿ ಒಳಗೆ ಇಣುಕಿದಳು. ಚಾಪೆಯ ಮೇಲೆ ಹತ್ತೊಂಬತ್ತು ತುಂಬಿರಬಹುದಾದ ಹುಡುಗಿ. ಕೆನ್ನೆ ಒಳಸೇರಿತ್ತು, ಕಣ್ಣು ಮಾತ್ರ ದೊಡ್ಡದು. ಮಗುವನ್ನು ಎದೆಗೆ ಹಚ್ಚಿಕೊಂಡೇ ಎದ್ದು ಕೂರಲು ಹೋದಳು.

“ಏಳ್ಬೇಡ ಮಗಾ, ಏಳ್ಬೇಡ” ಎಂದಳು ಬೈರಮ್ಮ. “ನಾಳೆ ಬರ್ತೀನಿ” ಎಂದು ಹೊರಟಳು.

ಕೇಂದ್ರದಲ್ಲಿ ದುಡಿಯುವವರಿಗೂ ಗಂಜಿಯ ಪಾಲಿತ್ತು. ಮಾರನೆಯ ದಿನದಿಂದ ಬೈರಮ್ಮ ತನ್ನ ಪಾಲನ್ನು ಕುಡಿಯದೆ ಒಂದು ಚೊಂಬಿಗೆ ಸುರಿದು, ಸೆರಗಿನಡಿ ಇಟ್ಟುಕೊಂಡು, ಒಲೆ ಆರಿಸಿದ ಮೇಲೆ ಕೋಟೆ ಬೀದಿಗೆ ಒಯ್ಯತೊಡಗಿದಳು. ಅವಳನ್ನು ದೊಡ್ಡಬೀರಪ್ಪ ತಡೆಯುತ್ತಿರಲಿಲ್ಲ. ಅಡುಗೆಯವಳ ಸೆರಗನ್ನು ಯಾರು ನೋಡುತ್ತಾರೆ? ಮುಂಜಾನೆ ತಮ್ಮನ ಮನೆಯಲ್ಲೂ ಕುಡಿಯುವುದು ಅರ್ಧ ಲೋಟ ಅಂಬಲಿ. ಅಲ್ಲಿಯೂ ಹೆಚ್ಚು ಕೇಳಲು ಬಾಯಿ ಬರುತ್ತಿರಲಿಲ್ಲ. ಲಕ್ಷ್ಮೀದೇವಮ್ಮನ ಮಕ್ಕಳ ಬಟ್ಟಲೇ ತುಂಬುತ್ತಿರಲಿಲ್ಲ. ಹಸಿವಾದರೆ ನೀರು ಕುಡಿದು ಸೊಂಟಕ್ಕೆ ಸೀರೆ ಬಿಗಿಮಾಡಿಕೊಳ್ಳುವಳು. ಹಬೀಬುನ್ನೀಸಾ ಗಂಜಿ ಕುಡಿದು ಬೆರಳಿನಿಂದ ಚೊಂಬಿನ ಅಂಚು ಸವರುವುದನ್ನು ನೋಡಿದರೆ ಇವಳ ಹೊಟ್ಟೆಯ ಉರಿ ಒಂದಿಷ್ಟು ಕಡಿಮೆಯಾಗುತ್ತಿತ್ತು.

“ನೀವು ಕುಡಿದ್ರಾ ಅಮ್ಮಾ?” ಎಂದು ಹುಡುಗಿ ಕೇಳುವಳು.

“ಅಯ್ಯೋ, ಅಡುಗೆ ಮಾಡೋಳ ಹೊಟ್ಟೆ ಯಾವತ್ತು ಖಾಲಿ ಇರ್ತದೆ? ಕುಡಿ, ಕುಡಿ.”

ಹೀಗೇ ಸ್ವಲ್ಪ ದಿನ ನಡೆಯಿತು. ಒಂದು ಮಧ್ಯಾಹ್ನ, ಬಿಸಿಲು ಏರಿದ ಹೊತ್ತಿನಲ್ಲಿ, ಕೊಪ್ಪರಿಗೆಗೆ ಕಡೆಯ ಸಲ ಹಿಟ್ಟು ಕಲಸಿ ಹುಯ್ದು ತಿರುವುತ್ತಿದ್ದ ಬೈರಮ್ಮನಿಗೆ ಹೊಗೆಯೆಲ್ಲ ಒಮ್ಮೆಲೆ ಕಪ್ಪಾದಂತೆ ಕಂಡಿತು. ಕೈಯಲ್ಲಿದ್ದ ತಿರುವುಗೋಲು ಜಾರಿತು. ಬೀಳುವಾಗ ಬಲ ಮುಂಗೈ ಕುದಿಯುವ ಗಂಜಿಗೆ ತಾಕಿತು. ಬಾಗಿಲಲ್ಲಿದ್ದ ದೊಡ್ಡಬೀರಪ್ಪ ಎರಡು ದಾಪುಗಾಲಿಗೆ ಬಂದು ಅವಳನ್ನು ಹಿಂದಕ್ಕೆ ಎಳೆಯದಿದ್ದರೆ ಒಲೆಯ ಬಾಯಿಗೇ ಬೀಳುತ್ತಿದ್ದಳು.

ಎಚ್ಚರವಾದಾಗ ಛತ್ರದ ಕಂಬಕ್ಕೆ ಒರಗಿದ್ದಳು. ದೊಡ್ಡಬೀರಪ್ಪ ಅವಳ ಮುಂಗೈಗೆ ಲೋಳೆಸರದ ತಿರುಳು ಸವರುತ್ತಿದ್ದ. ಆದಿನಾರಾಯಣಪ್ಪ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

“ಬೈರಮ್ಮ, ನೀನು ಕಡೇ ಸಲ ಹೊಟ್ಟೆ ತುಂಬ ಉಂಡದ್ದು ಯಾವತ್ತು?”

ಅವಳು ಸೆರಗಿನಡಿ ಇಟ್ಟುಕೊಂಡಿದ್ದ ಖಾಲಿ ಚೊಂಬು ಪಕ್ಕದಲ್ಲೇ ಉರುಳಿತ್ತು. ಮೇಷ್ಟ್ರು ಅದನ್ನು ಎತ್ತಿ ನೋಡಿದರು, ಅವಳನ್ನು ನೋಡಿದರು. ಬೈರಮ್ಮನಿಗೆ ಅಳು ಒತ್ತರಿಸಿಕೊಂಡು ಬಂತು.

“ನನ್ ಪಾಲು ಮೇಷ್ಟ್ರೇ. ಸರ್ಕಾರದ್ದು ಒಂದು ತೊಟ್ಟೂ ಮುಟ್ಟಿಲ್ಲ” ಎಂದು ಶುರುಮಾಡಿ, ಬಾಣಂತಿಯ ವಿಷಯವನ್ನೆಲ್ಲ ಹೇಳಿಬಿಟ್ಟಳು. ಕೆಲಸ ಹೋಯಿತೆಂದೇ ಅವಳು ತಿಳಿದಳು. ಅದಕ್ಕಿಂತ ಹೆಚ್ಚಾಗಿ, ನಾಳೆಯಿಂದ ಚೊಂಬು ಯಾರು ಒಯ್ಯುತ್ತಾರೆ ಎಂಬುದೇ ಅವಳಿಗೆ ಸಂಕಟ.

ದೊಡ್ಡಬೀರಪ್ಪ ಸವರುವುದನ್ನು ನಿಲ್ಲಿಸಿದ್ದ. “ಹಸಿ ಬಾಣಂತಿ ಗಂಜೀನಾ ನಾನು ಅವತ್ತು ಮಣ್ಣುಪಾಲು ಮಾಡಿದ್ದು?” ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿ, ಎದ್ದು ಗೋಡೆಯ ಕಡೆ ತಿರುಗಿ ನಿಂತ.

ಮೇಷ್ಟ್ರು ಬೋಗುಣಿಯ ತುಂಬ ಗಂಜಿ ತರಿಸಿ ಬೈರಮ್ಮನ ಎಡಗೈಗೆ ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಅಲ್ಲೇ ಕೂತಿದ್ದರು. ಆಮೇಲೆ ಕೊಡೆ ಎತ್ತಿಕೊಂಡು, “ಮನೆ ತೋರ್ಸು ನಡಿ” ಎಂದರು.

ಕೋಟೆ ಬೀದಿಯಲ್ಲಿ ಕೊಡೆ ಹಿಡಿದ ಸರ್ಕಾರದ ಮನುಷ್ಯನನ್ನು ಕಂಡು ಪರದೆಗಳೆಲ್ಲ ಸರಸರ ಮುಚ್ಚಿಕೊಂಡವು. ವಹೀದಾ ಬಾಗಿಲಿಗೆ ಬಂದವಳೇ ಕೈ ಜೋಡಿಸಿದಳು.

“ನಾನು ಕದ್ದಿಲ್ಲ ಸ್ವಾಮಿ. ಈ ಅಕ್ಕನ್ನ ಏನೂ ಅನ್ಬೇಡಿ, ಅವರದು ತಪ್ಪಿಲ್ಲ.”

ಪಾಠ ಹೇಳುವಾಗ ಪಟಪಟನೆ ಮಾತಾಡುವ ಆದಿನಾರಾಯಣಪ್ಪ ಅಲ್ಲಿ ತಡವರಿಸಿದರು. “ಅಮ್ಮಾ, ನಾನು ವಿಚಾರಣೆಗೆ ಬಂದಿಲ್ಲ. ಕರೆಯೋಕೆ ಬಂದೆ. ನೀವಂತೂ ನಾಳೆಯಿಂದ ಬರ್ಬೇಕು.”

“ಸೊಸೆ ಚಿಲ್ಲಾದಲ್ಲಿ ಅವಳೆ. ನಲವತ್ತು ದಿನ ಹೊಸ್ತಿಲು ದಾಟೋ ಹಂಗಿಲ್ಲ.”

ಪರದೆಯ ಹಿಂದೆ ಮಗು ಆಕಳಿಸಿ ಕುಂಯ್‌ಗುಟ್ಟಿತು. ಮೇಷ್ಟ್ರು ಕೊಡೆಯ ತುದಿಯಿಂದ ಮಣ್ಣು ಕೆದರಿದರು.

“ಸಿಬ್ಬಂದಿಯ ಕಣ್ಣೆದುರು ಕುಡೀಬೇಕು ಅಂತ ಅಪ್ಪಣೆ” ಎಂದರು ಕೊನೆಗೆ, ಯಾರಿಗೆಂದಿಲ್ಲದೆ. “ಬೈರಮ್ಮ ಸಿಬ್ಬಂದಿ. ಅವಳು ಇಲ್ಲಿ ಕೂತು, ಆ ಹುಡುಗಿ ಕುಡಿಯೋದನ್ನ ನೋಡಿ ಬಂದ್ರೆ ಅಪ್ಪಣೆ ಮೀರಿದಂಗೆ ಆಗೋಲ್ಲ. ನಾಳೆಯಿಂದ ಗಂಜಿ ಇಲ್ಲಿಗೇ ಬರುತ್ತೆ. ಬೈರಮ್ಮನ ಪಾಲಿನದಲ್ಲ, ಸೊಸೆಯದೇ ಪಾಲು.”

ಅಮಲ್ದಾರರನ್ನು ಕೇಳದೆ ಮೇಷ್ಟ್ರು ಮಾಡಿದ ಮೊದಲ ಕೆಲಸ ಅದು.

ಮಾರನೆಯ ದಿನ ಪಾತ್ರೆ ಹೊರಲು ಬೈರಮ್ಮ ಕೈ ಹಾಕುವಷ್ಟರಲ್ಲಿ ದೊಡ್ಡಬೀರಪ್ಪ ಅದನ್ನು ಹೆಗಲಿಗೇರಿಸಿಕೊಂಡಿದ್ದ. ವಹೀದಾಳ ಅಂಗಳದಲ್ಲಿ ಪಾತ್ರೆ ಇಳಿಸಿ, “ಬೂಬಮ್ಮ, ಅವತ್ತಿಂದು ಮನಸ್ನಲ್ಲಿ ಇಟ್ಕೋಬೇಡ ತಾಯಿ” ಎಂದು ಹೇಳಿ, ಉತ್ತರಕ್ಕೂ ಕಾಯದೆ ಓಡಿದ. ಅಷ್ಟು ದೊಡ್ಡ ಆಳು ಹಾಗೆ ಓಡಿದ್ದನ್ನು ನೋಡಿ ಪರದೆಯ ಹಿಂದೆ ಹಬೀಬುನ್ನೀಸಾ ನಕ್ಕಳು. ಅವಳು ನಕ್ಕದ್ದನ್ನು ಬೈರಮ್ಮ ಕೇಳಿದ್ದು ಅದೇ ಮೊದಲು.

ಸುದ್ದಿ ಹಬ್ಬದೆ ಇರುತ್ತದೆಯೇ? ಪಕ್ಕದ ಮನೆಯ, ಗಂಡ ಸತ್ತು, ಹೊರಗೆ ಕಾಲಿಡದೆ ಇದ್ದತ್ತಿನಲ್ಲಿ ಕೂತಿದ್ದ ಹೆಂಗಸು ಗೋಡೆಯ ಮೇಲಿಂದ ಒಂದು ಬಟ್ಟಲು ಚಾಚಿದಳು. ಎದುರುಮನೆಯ ಕುಂಟಿ ತೆವಳಿಕೊಂಡು ಬಂದಳು. ಬೀದಿಯ ತಿರುವಿನಲ್ಲಿದ್ದ ನೇಕಾರರ ಮುದುಕಿ ಮುತ್ಯಾಲಮ್ಮ, ಕಣ್ಣು ಕಾಣದವಳು, ಛತ್ರದವರೆಗೆ ನಡೆಯಲಾರದೆ ಇಷ್ಟು ದಿನ ನೆರೆಯವರು ಕೊಟ್ಟ ತುತ್ತಿನಲ್ಲಿ ಬದುಕಿದ್ದಳು. ವಹೀದಾಳೇ ಅವಳ ಕೈ ಹಿಡಿದು ಕರೆತಂದಳು. ಬೇವಿನ ಮರದ ನೆರಳಿನ ಆ ಪುಟ್ಟ ಅಂಗಳದಲ್ಲಿ ದಿನವೂ ಒಂದು ಸಾಲು ಕೂರತೊಡಗಿತು. ಮೇಷ್ಟ್ರು ದೊಡ್ಡ ಪಾತ್ರೆ ಕಳಿಸಿದರು. ಏನೂ ಕೇಳಲಿಲ್ಲ.

ಯಾರೋ ಅಮಲ್ದಾರರ ಕಿವಿಗೆ ಊದಿದರು. ಗಂಜಿ ಪಾತ್ರೆಗಟ್ಟಲೆ ಕೋಟೆ ಬೀದಿಗೆ ಹೋಗುತ್ತಿದೆ ಎಂದು.

ಅವತ್ತು ಬೈರಮ್ಮ ಮುತ್ಯಾಲಮ್ಮನ ಕೈಗೆ ಬೋಗುಣಿ ಕೊಟ್ಟು, “ಬಿಸಿ ಐತೆ, ಊದ್ಕೊಂಡು ಕುಡಿ” ಎನ್ನುತ್ತಿದ್ದಳು. ಬೀದಿಯಲ್ಲಿ ಬೂಟಿನ ಸದ್ದಾಯಿತು. ಅಂಗಳದ ಬಾಗಿಲಲ್ಲಿ ಮೊದಲು ಕೆಂಪು ಪಟ್ಟಿಯ ದಫೇದಾರ ಕಂಡ. ಅವನ ಹಿಂದೆ ಕೋಟು, ರುಮಾಲಿನ ಅಮಲ್ದಾರರು. ಎಲ್ಲರಿಗೂ ಹಿಂದೆ, ಸುಣ್ಣದಂತೆ ಬಿಳಿಚಿಕೊಂಡ ಆದಿನಾರಾಯಣಪ್ಪ. ಅಡುಗೆಯವಳು ಎಲ್ಲಿ ಎಂದು ಛತ್ರದಲ್ಲಿ ಕೇಳಿದಾಗ ಮೇಷ್ಟ್ರು ಸುಳ್ಳು ಹೇಳಬಹುದಿತ್ತಂತೆ. ಹೇಳದೆ, “ಕೋಟೆ ಬೀದಿಯಲ್ಲಿ ಬಡಿಸ್ತಿದ್ದಾಳೆ ಸಾರ್, ನಾನೇ ಕಳಿಸಿದ್ದು” ಎಂದರಂತೆ. ಇದು ಆಮೇಲೆ ದೊಡ್ಡಬೀರಪ್ಪ ಹೇಳಿ ಅವಳಿಗೆ ತಿಳಿಯಿತು.

ಪರದೆಯ ಹೆಂಗಸರು ಸರಕ್ಕನೆ ಒಳಕ್ಕೆ ಸರಿದರು. ಅಂಗಳದಲ್ಲಿ ಉಳಿದವರು ಕುಂಟಿ, ಕುರುಡಿ ಮತ್ತು ಬೈರಮ್ಮ. ಅಮಲ್ದಾರರು ಹೊಸ್ತಿಲಾಚೆಯೇ ನಿಂತರು.

“ಗಂಜಿ ಹೊರಗೆ ಕೊಡಕೂಡದು ಅಂತ ಅಪ್ಪಣೆ ಇರೋದು ಗೊತ್ತೇನಮ್ಮ ನಿನಗೆ?”

ಜನ್ಮದಲ್ಲಿ ಬೈರಮ್ಮ ಅಮಲ್ದಾರರೊಡನೆ ಮಾತಾಡಿದವಳಲ್ಲ. ಆದರೆ ಒಳಗಿನಿಂದ ಹಬೀಬುನ್ನೀಸಾ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು ಅದುಮುತ್ತಿದ್ದ ಅಳು ಅವಳಿಗೆ ಕೇಳಿಸುತ್ತಿತ್ತು.

“ಗೊತ್ತು ಬುದ್ಧಿ. ಹೊರಗೆ ಕೊಟ್ಟಿಲ್ಲ. ಇದೂ ಅದೇ ಪಂಕ್ತೀನೇ. ಅಲ್ಲಿ ಶುರುವಾಗಿ ಇಲ್ಲಿ ಮುಗೀತದೆ. ಮಧ್ಯದಲ್ಲಿ ಬೀದಿ ಬಂದ್ಬಿಟ್ಟಿದೆ, ಅಷ್ಟೆ.”

ದಫೇದಾರ ಗಂಟಲು ಸರಿಮಾಡಿಕೊಂಡ. ಮುತ್ಯಾಲಮ್ಮ, ಬಂದವರು ಯಾರೆಂದು ಕಾಣದೆ, ದನಿ ಬಂದ ಕಡೆ ಮುಖವೆತ್ತಿ, “ಯಾರಪ್ಪಾ ಅದು? ಹಸಿವಾಗಿದ್ರೆ ಬಾ, ಕೂತ್ಕೊ. ಈಯಮ್ಮ ಯಾರ್ಗೂ ಇಲ್ಲ ಅನ್ನಲ್ಲ” ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಅಮಲ್ದಾರರು ಆ ಖಾಲಿ ಜಾಗವನ್ನು ನೋಡಿದರು. ರುಮಾಲು ಸರಿಪಡಿಸಿಕೊಂಡರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, ಮೆಲ್ಲಗೆ, “ಛತ್ರದ ಅಂಗಳ ಇಕ್ಕಟ್ಟಾಯ್ತು, ಅದಕ್ಕೆ ಕೋಟೆ ಬೀದಿಯಲ್ಲಿ ಇನ್ನೊಂದು ಪಂಕ್ತಿ ಏರ್ಪಾಟು ಮಾಡಿದೆ ಅಂತ ನನಗೆ ವರದಿ ಕಳಿಸಿ. ನಾನು ಒಪ್ಪಿಗೆ ಹಾಕ್ತೀನಿ” ಎಂದರು. ಎರಡು ಹೆಜ್ಜೆ ಹೋದವರು ನಿಂತು, “ಮಕ್ಕಳಿಗೆ ಅಂತ ಹಾಲಿನ ಪುಡಿಯ ಡಬ್ಬಿಗಳು ಬಂದಿವೆ. ಬಾಣಂತಿಗೂ ಕೊಡಿಸಿ” ಎಂದು ಸೇರಿಸಿ ಹೋದರು.

ಬೂಟಿನ ಸದ್ದು ದೂರವಾದ ಮೇಲೆ ಬೈರಮ್ಮ ಅಲ್ಲೇ ಕೂತಳು. ಒಳಗಿಂದ ಓಡಿಬಂದ ವಹೀದಾ ಅವಳ ಕತ್ತು ತಬ್ಬಿಕೊಂಡಳು. ಇಬ್ಬರೂ ಮುದುಕಿಯರು ನಗುತ್ತಿದ್ದಾರೋ ಅಳುತ್ತಿದ್ದಾರೋ ಮುತ್ಯಾಲಮ್ಮನಿಗೆ ತಿಳಿಯದೆ, “ಏನಾಯ್ತ್ರೇ? ಬಂದೋನು ಕುಡಿದ್ನಾ ಇಲ್ವಾ?” ಎಂದು ಕೇಳುತ್ತಲೇ ಇದ್ದಳು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಕೆರೆಗೆ ಕೆಂಪು ನೀರು ಬಂತು. ಹಬೀಬುನ್ನೀಸಾಳ ಕೆನ್ನೆ ತುಂಬಿತು. ಮಗುವಿನ ಅಳು ಬೀದಿಯ ಕೊನೆಗೆ ಕೇಳುವಷ್ಟು ಜೋರಾಯಿತು. ಚಿಲ್ಲಾ ಮುಗಿದ ದಿನ ಬಾಣಂತಿಗೆ ನೀರು ಹುಯ್ದು, ಎರವಲು ತಂದ ತೊಟ್ಟಿಲನ್ನು ಹಳೆಯ ಸೀರೆಯಿಂದ ಸಿಂಗರಿಸಿದ್ದರು. ಗಂಜಿಯ ಪಾತ್ರೆಯೊಡನೆ ಬಂದ ಬೈರಮ್ಮ ಅಂಗಳದಲ್ಲೇ ನಿಂತಳು. ಅಭ್ಯಾಸಬಲ. ಶುಭಕಾರ್ಯದ ಮನೆಯಲ್ಲಿ ಅವಳ ಜಾಗ ಯಾವತ್ತೂ ಹೊರಗೇ.

“ಅಲ್ಲೇನು ಮಾಡ್ತಿದ್ದೀರಿ ಅಕ್ಕಾ? ಮಗು ತೊಟ್ಟಿಲಿಗೆ ಹಾಕೋರು ನೀವೇ” ಎಂದಳು ವಹೀದಾ.

ಬೈರಮ್ಮ ಹಿಂದೆ ಸರಿದಳು. “ನಾನಾ? ಬೇಡ ಬೂಬಮ್ಮ. ನಾನು... ನಮ್ ಕಡೆ ನನ್ನಂಥೋರು ಮುಟ್ಟಬಾರ್ದು. ಮಗೀಗೆ ಒಳ್ಳೇದಾಗಲ್ಲ.”

ಹಬೀಬುನ್ನೀಸಾ ಮಗುವನ್ನು ಎತ್ತಿಕೊಂಡು ಎದ್ದು ಬಂದಳು. ಅವಳು ಮಾತಿನವಳಲ್ಲ. “ಇವಳ ಮೈಯಲ್ಲಿರೋದು ನಿಮ್ಮ ಪಾಲು ಅಮ್ಮಾ. ನೀವು ಮುಟ್ಟಿದ್ರೆ ಕೆಟ್ಟದಾಗುತ್ತಾ?” ಎಂದು ಮಗುವನ್ನು ಅವಳ ಕೈಗಿಟ್ಟಳು.

ಸುಟ್ಟ ಗುರುತಿದ್ದ ಆ ಮುಂಗೈಯ ಮೇಲೆ ಮಗುವಿನ ತಲೆ ಕೂತಿತು. ಇಷ್ಟು ಹಗುರ, ಇಷ್ಟು ಬಿಸಿ. ಬೈರಮ್ಮ ಮೆಲ್ಲಗೆ ಬಾಗಿ ತೊಟ್ಟಿಲಿನಲ್ಲಿ ಮಲಗಿಸಿದಳು. ಹೆಂಗಸರು ಮಗುವಿನ ಕಿವಿಯಲ್ಲಿ ಪ್ಯಾರಿಜಾನ್ ಎಂದು ಹೆಸರು ಕೂಗಿದರು. ಮುತ್ಯಾಲಮ್ಮ ತನಗೆ ಬರುತ್ತಿದ್ದ ಯಾವುದೋ ತೆಲುಗು ಲಾಲಿ ಹೇಳಿದಳು. ದೊಡ್ಡಬೀರಪ್ಪ ಹೊರಗೆ ಬೇವಿನ ಮರಕ್ಕೆ ಒರಗಿ, ಮೀಸೆ ತೀಡುತ್ತ, ಯಾರೂ ಕರೆಯದಿದ್ದರೂ ಎಲ್ಲ ಮುಗಿಯುವವರೆಗೆ ನಿಂತಿದ್ದ.

ಕಾರ್ತೀಕ ಕಳೆದು ರಾಗಿ ಕೊಯ್ಲು ಬಂತು. ಕೂಲಿ ಸಿಕ್ಕಿತು. ಪಂಕ್ತಿಗಳು ತೆಳುವಾದವು. ಕೇಂದ್ರ ಮುಚ್ಚುವಂತೆ ಹುಕುಂ ಬಂದ ದಿನ ಮೇಷ್ಟ್ರು ತಾವೇ ಬೋಗುಣಿ ಹಿಡಿದು ಸಾಲಿನಲ್ಲಿ ಕೂತು ಬೈರಮ್ಮನ ಕೈಯಿಂದ ಗಂಜಿ ಹಾಕಿಸಿಕೊಂಡರು. ಆಮೇಲೆ ಶಾಲೆಗೆ ಮರಳಿದರು. ಕುರುಡಿ ಮುತ್ಯಾಲಮ್ಮನನ್ನು ವಹೀದಾ ತನ್ನ ಜಗಲಿಯ ಮೇಲೇ ಇರಿಸಿಕೊಂಡಳು. ಹಬೀಬುನ್ನೀಸಾ ಬೀಡಿ ಕಟ್ಟಲು ಕಲಿತಿದ್ದಳು, ಮೂವರ ಹೊಟ್ಟೆ ಹೇಗೋ ನಡೆಯುತ್ತಿತ್ತು. ಬೈರಮ್ಮ ಪಿಲ್ಲಗುಂಪೆಯ ಕಣದಲ್ಲಿ ರಾಗಿ ತೂರಲು ನಿಂತಳು. ಸಂತೆಯ ದಿನ ಮಾತ್ರ ತಪ್ಪದೆ ಕೋಟೆ ಬೀದಿಗೆ ಹೋಗಿ ಮಗುವನ್ನು ಆಡಿಸಿ ಬರುವಳು. ಮಸ್ತಾನನ ಸುದ್ದಿ ಮಾತ್ರ ಇರಲಿಲ್ಲ. ಅದನ್ನು ಯಾರೂ ಎತ್ತುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಲಕ್ಷ್ಮೀದೇವಮ್ಮ ಕಣದ ಕಡೆ ಓಡಿ ಬಂದಳು.

“ಅತ್ಗೆ, ಯಾರೋ ಮಿಲ್ಟ್ರಿಯೋನು ನಿನ್ನ ಕೇಳ್ಕೊಂಡು ಬಂದವ್ನೆ.”

ಬೈರಮ್ಮನ ಕೈಯಿಂದ ಮೊರ ಜಾರಿತು. ಮಿಲಿಟರಿಯವರು ಎರಡೇ ಕಾರಣಕ್ಕೆ, ರಜೆಗೆ ಇಲ್ಲವೇ ಸಾವಿನ ಸುದ್ದಿ ಹೇಳಲು, ಮನೆಗೆ ಬರುತ್ತಾರೆಂದು ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು. ಜಗಲಿಯ ಹತ್ತಿರ ಬಣ್ಣ ಹೋದ ಖಾಕಿ ಕೋಟು ತೊಟ್ಟ, ಜ್ವರದಿಂದ ಎದ್ದುಬಂದಂತಿದ್ದ ಎಳೆಯ ಮನುಷ್ಯ ನಿಂತಿದ್ದ. ಅವಳನ್ನು ಕಂಡು ಬಗ್ಗಿ ಕಾಲು ಮುಟ್ಟಲು ಬಂದ.

“ನಾನು ಮಸ್ತಾನ್ ಅಮ್ಮಾ. ಪ್ಯಾರಿಜಾನ್ ಅಪ್ಪ.”

ಅವಳು ಅವನ ಎರಡೂ ತೋಳು ಹಿಡಿದು ನಿಲ್ಲಿಸಿ ಮುಖ ನೋಡಿದಳು. ಮಗುವಿನ ಗಲ್ಲ ಅವನದೇ. ಹಡಗಿನಲ್ಲಿ ಕಾಯಿಲೆ ಬಿದ್ದು ಸಿಂಗಪುರದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದೆ ಎಂದ. ಬರೆಸಿದ ಕಾಗದಗಳು ಎಲ್ಲಿ ಹೋದವೋ ಗೊತ್ತಿಲ್ಲ ಎಂದ.

“ಉಂಡ್ಯೇನಪ್ಪ?” ಎಂದಳು ಬೈರಮ್ಮ.

ಅವನು ಇಲ್ಲವೆಂದು ತಲೆಯಾಡಿಸಿದ. ನಿನ್ನೆ ಸಂಜೆ ಮನೆ ಸೇರಿದವನು ಬೆಳಗಾಗುತ್ತಲೇ ಹೊರಟು ಬಂದಿದ್ದ.

ಲಕ್ಷ್ಮೀದೇವಮ್ಮ ಯಾರೂ ಹೇಳದೆಯೇ ಒಳಗೆ ಹೋಗಿ ಎಲೆ ತಂದು ಜಗಲಿಯ ಮೇಲೆ ಹಾಸಿ, ನೀರು ಇಟ್ಟಳು. ಬೈರಮ್ಮ ಹೊಸ ರಾಗಿಯ ಮುದ್ದೆ, ಅವರೆಕಾಳಿನ ಸಾರು ತಂದು ಬಡಿಸಿ, ಎದುರಿಗೆ ಕಂಬಕ್ಕೆ ಒರಗಿ ಕೂತಳು. ಮಸ್ತಾನ್ ಮೊದಲು ಸಂಕೋಚದಿಂದ ಸಣ್ಣ ತುತ್ತು ಮುರಿದ. ಆಮೇಲೆ ತಲೆ ಎತ್ತದೆ ಉಂಡ. ಒಮ್ಮೆ ಮಾತ್ರ ತೋಳಿನಿಂದ ಕಣ್ಣು ಒರೆಸಿಕೊಂಡ. ಸಾರು ಖಾರವಾಗಿದೆ ಎಂದುಕೊಂಡು ಲಕ್ಷ್ಮೀದೇವಮ್ಮ ಇನ್ನಷ್ಟು ನೀರು ತಂದಳು.

“ಇನ್ನೊಂದು ಮುದ್ದೆ ಇಕ್ಲೇನಪ್ಪ?”

“ಇಕ್ಕಿ ಅಮ್ಮಾ” ಎಂದ ಮಸ್ತಾನ್.

ಬೈರಮ್ಮ ಎದ್ದು ಒಳಗೆ ಹೋದಳು.